ಐದೂವರೆ ತಾಸು ಹಿಂದೆ ಬಿದ್ದ ಜೂನ್ ಒಂದು

ನಾನು ಒಂದು ಜನ್ಮದಿನಾಂಕ. ಹೆಸರು ಜೂನ್ ಒಂದು. ನನ್ನ ಒಡತಿ ಹುಲಿಗೆಮ್ಮ ನಿಜಕ್ಕೂ ಆ ದಿನ ಹುಟ್ಟಿದವಳಲ್ಲ. ಶಾಲೆಗೆ ಸೇರಿಸಲು ಬಂದ ಅವಳ ತಾಯಿ, "ಎಳ್ಳಮಾಸಿ ಆದಮ್ಯಾಲೆ ಹಡದೀನ್ರೀ, ತಾರೀಖು ಯಾರಿಗ್ಗೊತ್ತು?" ಎಂದಿದ್ದಳು. ಎಳ್ಳಮಾವಾಸ್ಯೆ ಕಳೆದರೆ ಜನವರಿ; ಆ ಲೆಕ್ಕಕ್ಕೆ ಮಗುವಿಗೆ ಶಾಲೆಯ ವಯಸ್ಸು ಸಾಲದು. ಗುರಣ್ಣ ಮಾಸ್ತರರು ದೊಡ್ಡ ಮನಸ್ಸು ಮಾಡಿ ಅವಳ ಹುಟ್ಟನ್ನು ಏಳು ತಿಂಗಳು ಹಿಂದಕ್ಕೆ ತಳ್ಳಿ, ಶಾಲೆ ಶುರುವಾಗುವ ದಿನವನ್ನೇ ಬರೆದರು. ಆ ವರ್ಷ ಅರ್ಧ ತರಗತಿ ಜೂನ್ ಒಂದರಂದೇ ಹುಟ್ಟಿತು.

ಹುಲಿಗೆಮ್ಮ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟಳು. ನಾನು ಟಿ.ಸಿ.ಯೊಳಗೆ ಮಡಚಿಕೊಂಡು ಟ್ರಂಕು ಸೇರಿದೆ. ಅವಳು ನಗರಸಭೆಯ ಗುತ್ತಿಗೆ ಕೆಲಸಕ್ಕೆ ಸೇರಿ, ಊರಿನ ಬೀದಿ ಗುಡಿಸುತ್ತಲೇ ನಡು ಬಗ್ಗಿಸಿಕೊಂಡಳು. ಕೊನೆಗೆ ಕೆಲಸ ಖಾಯಂ ಆಗುವ ಸುದ್ದಿ ಬಂತು. ಷರತ್ತು ಒಂದೇ, ವಯಸ್ಸಿನ ಮಿತಿ: ನನಗಿಂತ ಒಂದು ದಿನವೂ ಮೊದಲು ಹುಟ್ಟಿರಬಾರದು. ನನಗೂ ಬೆಲೆ ಬಂತೆಂದು ಬೀಗಿದೆ.

ಆಪರೇಟರ್ ಚನ್ನವೀರ ನನ್ನನ್ನು ಕಂಪ್ಯೂಟರಿಗೆ ಹಾಕಿದ. ಅಲ್ಲಿ ಬರೀ ದಿನಾಂಕಕ್ಕೆ ಜಾಗವಿಲ್ಲ, ಗಂಟೆಯೂ ಬೇಕು. ನನಗೆ ಮಧ್ಯರಾತ್ರಿ ಹನ್ನೆರಡು ಗಂಟೆ ಅಂಟಿಸಿದರು. ಆ ಡೇಟಾಬೇಸೋ ಗ್ರೀನ್‌ವಿಚ್ ಗಡಿಯಾರ ನೋಡಿ ಬದುಕುವಂಥದ್ದು, ನಮ್ಮ ಗಡಿಯಾರಕ್ಕಿಂತ ಐದೂವರೆ ತಾಸು ಹಿಂದೆ. ಹಾಗಾಗಿ ಒಳಗೆ ನಾನು ಮೇ ಮೂವತ್ತೊಂದರ ಸಂಜೆಯಾಗಿಬಿಟ್ಟೆ. ಕಚೇರಿಯ ಪರದೆ ಮಾತ್ರ ನನ್ನನ್ನು ಜೂನ್ ಒಂದೆಂದೇ ತೋರಿಸುತ್ತಿತ್ತು.

ಸಾಹೇಬರಿಗೆ ಊಟದ ಹೊತ್ತಿಗೆ ಖಾಯಂ ಆಗುವವರ ಪಟ್ಟಿ ಬೇಕಿತ್ತು. ಚನ್ನವೀರ ಅವಸರದಲ್ಲಿ ಡೇಟಾಬೇಸಿಗೆ ನೇರವಾಗಿ ಆಜ್ಞೆ ಕೊಡುವ ಶೆಲ್ಲಿನ ಕಪ್ಪು ಕಿಟಕಿ ತೆರೆದು, ಜೂನ್ ಒಂದಕ್ಕಿಂತ ಮೊದಲು ಹುಟ್ಟಿದವರನ್ನೆಲ್ಲ ತೆಗೆ ಎಂದು ಒಂದೇ ಸಾಲು ಬರೆದ. ಯಾವ ಗಡಿಯಾರದ ಜೂನ್ ಒಂದು ಎಂದು ಹೇಳಲಿಲ್ಲ. ಹುಲಿಗೆಮ್ಮನ ಹೆಸರು ಹಾರಿಹೋಯಿತು, ಜೊತೆಗೆ ಇದ್ದ ಗುತ್ತಿಗೆ ಕೆಲಸವೂ.

ಮರುವಾರ ಅವಳು ಟಿ.ಸಿ. ಹಿಡಿದು ಬಂದಳು. "ಸರ, ಇದ್ರಾಗ ಜೂನ್ ಒಂದು ಅಂತ ಐತಲ್ರೀ."

ಚನ್ನವೀರ ಪರದೆ ನೋಡಿದ, ಜೂನ್ ಒಂದು; ಶೆಲ್ಲಿನಲ್ಲಿ ನನ್ನನ್ನು ನೋಡಿದ, ಮೇ ಮೂವತ್ತೊಂದು. ಅವನ ಮುಖ ಕಪ್ಪಿಟ್ಟಿತು.

"ನಿಂದು ಸರೀನೇ ಐತಿಬೇ. ಮಷೀನು ತಪ್ಪೇತಿ."

"ಹಂಗಾದ್ರ ನಾಳಿಂದ ಕೆಲಸಕ್ಕ ಬರ್ಲೇನ್ರೀ?"

"ಪಟ್ಟಿಗೆ ಸಹಿ ಬಿದ್ದೈತಿ. ನಿನ್ನ ಜಾಗಕ್ಕ ಬ್ಯಾರೇದಾಕಿ ಬಂದಾಳ."

"ಸಾಹೇಬ್ರಿಗೆ ನೀವರ ಒಂದ್ ಮಾತು ಹೇಳ್ರೀ."

"ಹೇಳಿದ್ರ ನನ್ನ ನೌಕರಿ ಹೋಗ್ತೈತಿ. ನನಗೂ ಮಕ್ಕಳದಾವಬೇ."

ಅವಳು ಟಿ.ಸಿ.ಯನ್ನು ಮಡಚಿ ಸೆರಗಿನಲ್ಲಿ ಕಟ್ಟಿಕೊಂಡಳು. ಆಮೇಲೆ ಹೋದಳು. ಅವಳ ಪರವಾಗಿ ಬಾಯಿ ಬಿಡೋಣವೆಂದರೆ ನನಗೆ ಬಾಯಿಯೇ ಇಲ್ಲ.

ಅಂದು ಸಂಜೆ ಚನ್ನವೀರ ಇನ್ನೊಂದು ಸಾಲು ಬರೆದು ನನ್ನನ್ನು ಸರಿಪಡಿಸಿದ. ಆ ಸಾಲಿಗೆ ಯಾರ ಸಹಿಯೂ ಬೇಕಾಗಲಿಲ್ಲ.

ಈಗ ನಾನು ಕೆಲಸ ಬಿಟ್ಟವರ ಕೋಷ್ಟಕದಲ್ಲಿ ಮುದುಕನಾಗುತ್ತಿದ್ದೇನೆ. ಯಾರೂ ಇತ್ತ ಇಣುಕುವುದಿಲ್ಲ. ಒಂದು ಕೆಲಸವನ್ನಷ್ಟೇ ಉಳಿಸಿದ್ದಾರೆ. ವರ್ಷಕ್ಕೊಮ್ಮೆ ಕಂಪ್ಯೂಟರ್ ನನ್ನನ್ನು ಎಬ್ಬಿಸಿ, ಹುಲಿಗೆಮ್ಮನ ಮೊಬೈಲಿಗೆ ನಗರಸಭೆಯ ಹೆಸರಿನಲ್ಲಿ ಹುಟ್ಟುಹಬ್ಬದ ಶುಭಾಶಯ ಕಳಿಸುತ್ತದೆ. ಸರಿಯಾಗಿ ಜೂನ್ ಒಂದರಂದೇ ಕಳಿಸುತ್ತದೆ. ಈಗ ಒಂದು ದಿನವೂ ಆಚೀಚೆ ಆಗುವುದಿಲ್ಲ.