ರಾಮನಗರದ ಲೈನಿಗೊಂದು ಭೋಂಗಾ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ದಾಂಡೇಲಿಯ ನಮ್ಮ ಪ್ಲೈವುಡ್ ಕಾರ್ಖಾನೆಯಲ್ಲಿ ಇದು ಎಲ್ಲರಿಗೂ ಗೊತ್ತು. ಎರಡು ಸಾವಿರದ ಮೂರರಲ್ಲಿ ಅಲ್ಲಿಗೆ ಕಂಪ್ಯೂಟರ್ ಕೋಣೆ ಬಂದಾಗ ಅದರ ಉಸ್ತುವಾರಿ ನನಗೆ ಸಿಕ್ಕಿತ್ತು. ಅದಕ್ಕೂ ಮೊದಲು ಗೋದಾಮಿನ ಧೂಳಿನಲ್ಲಿ ಹಲಗೆ ಎಣಿಸುತ್ತಿದ್ದೆ. ಮತ್ತೆ ಅಲ್ಲಿಗೆ ಹೋಗುವ ಮಾತೆತ್ತಿದರೇ ನನ್ನ ಜೀವ ಹೋಗುತ್ತಿತ್ತು. ಮ್ಯಾನೇಜರ್ ಶೇಖಪ್ಪನವರು ಹೆದರಿಸಿದ್ದೂ ಅದನ್ನೇ ಹೇಳಿ.

"ಮಧುಮತಿಯವರ, ರಾಮನಗರ ಡಿಪೋದ ಲೈನ್ ದಿನಾ ಮಧ್ಯಾಹ್ನ ಸಾಯ್ತೈತಿ. ಈ ವಾರನೂ ಹಿಂಗ ಆದ್ರ ನಿಮ್ಮ ಕೋಣಿ ಮುಚ್ಚಿಸಿಬಿಡ್ತೇನಿ. ಆರ್ಡರ್ ಎಲ್ಲಾ ಮೊದಲಿನಂಗ ಫೋನಿನ್ಯಾಗ ಹೇಳೂಣು. ನೀವು ಗೋದಾಮಿಗೆ ಹೋಗ್ರಿ."

ನಮ್ಮ ಹತ್ತಿರದ ರಾಮನಗರದ ಡಿಪೋಗೆ ಕಂಪ್ಯೂಟರಿನಿಂದ ಆರ್ಡರು ಹೋಗುತ್ತಿದ್ದ ಆ ಲೈನು ಸಾಯುತ್ತಿರಲಿಲ್ಲ, ತುಂಬಿಕೊಳ್ಳುತ್ತಿತ್ತು. ಯಾರು ತುಂಬುತ್ತಿದ್ದಾರೆ ಎಂಬುದೇ ತಿಳಿಯುತ್ತಿರಲಿಲ್ಲ. ಅದಕ್ಕೆ ರೂಟರಿನಲ್ಲಿ ರಾಮನಗರದ ಲೈನು ಸೇರುವ ಜಾಗಕ್ಕೆ ಒಂದು ಮಿತಿ ಹಾಕಿದೆ. ಲೈನು ಮುಕ್ಕಾಲಿಗಿಂತ ಹೆಚ್ಚು ತುಂಬಿದರೆ ನನ್ನ ಕಂಪ್ಯೂಟರ್ ಕೂಗಬೇಕು, ಆಗ ಗ್ರಾಫ್ ನೋಡಿ ಕಳ್ಳನನ್ನು ಹಿಡಿಯಬೇಕು. ಕೂಗಿನ ಸದ್ದು ಜೋಡಿಸುವ ಕೆಲಸವನ್ನು ಎಲೆಕ್ಟ್ರಿಷಿಯನ್ ಮೌನೇಶನಿಗೆ ಒಪ್ಪಿಸಿದೆ. ಹೆಸರಿಗೆ ಮಾತ್ರ ಮೌನೇಶ. ಆ ಪುಣ್ಯಾತ್ಮ ಊಟದ ಹೊತ್ತಿಗೆ ಕೂಗುವ ಕಾರ್ಖಾನೆಯ ಸೈರನ್ನು, ಅಂದರೆ ನಮ್ಮ ಭೋಂಗಾವನ್ನೇ ರೆಕಾರ್ಡ್ ಮಾಡಿ ದೊಡ್ಡ ಸ್ಪೀಕರಿಗೆ ಹಾಕಿದ್ದ.

"ಭೋಂಗಾ ಯಾಕ ಹಾಕಿದಿ?"

"ಅಕ್ಕಾರ, ಟಿಂಗ್ ಟಿಂಗ್ ಅಂದ್ರ ಈ ಊರಾಗ ಯಾರು ಏಳ್ತಾರ್ರಿ? ಭೋಂಗಾ ಆತಂದ್ರ ಎಂಥಾವರೂ ಏಳ್ತಾರ."

ನಿಜವಾಗಿಯೂ ಎದ್ದರು. ಬೆಳಗಿನ ಆರ್ಡರುಗಳು ಹೊರಟೊಡನೆ ಭೋಂಗಾ ಕೂಗಿತು, ಇಡೀ ಆಫೀಸು ಬುತ್ತಿ ಹಿಡಿದು ಹೊರಟಿತು. ಕೆಲಸ ನಿಂತದ್ದರಿಂದ ಲೈನು ಖಾಲಿಯಾಯಿತು, ಭೋಂಗಾ ಬಂದಾಯಿತು. ಜನ ಗಡಿಯಾರ ನೋಡಿ, ಗೊಣಗುತ್ತ ವಾಪಸು ಬಂದು ಕುಳಿತರು. ಲೈನು ತುಂಬಿತು, ಮತ್ತೆ ಭೋಂಗಾ. ಟೈಪಿಸ್ಟ್ ಗುರುಸಿದ್ದವ್ವ ನನ್ನ ಬಾಗಿಲಿಗೇ ಬಂದು, "ಇವತ್ತ ಎಷ್ಟ ಸಲ ಉಣಬೇಕ್ರಿ?" ಎಂದು ಕೇಳಿದಳು.

ಮೌನೇಶನಿಗೆ ಬಾಯಿಗೆ ಬಂದಂತೆ ಬೈದು, ಕೆಳಗೊಂದು ಎರಡನೆಯ ಮಿತಿ ಹಾಕಿದೆ. ಒಮ್ಮೆ ಕೂಗಿದ ಮೇಲೆ ಲೈನು ಅರ್ಧಕ್ಕಿಂತ ಕೆಳಗೆ ಇಳಿಯುವವರೆಗೂ ಅದು ಮತ್ತೆ ಬಾಯಿ ತೆರೆಯಬಾರದು. ಸದ್ದು ಬದಲಿಸಲು ಮಾತ್ರ ಪುರುಸೊತ್ತಾಗಲಿಲ್ಲ.

ಮಧ್ಯಾಹ್ನ ಅದು ಕೂಗಿದಾಗ ಜನ ಚಹಾಕ್ಕೆಂದು ಎದ್ದು ಹೋದರು. ಬೆಳಿಗ್ಗೆ ಮೋಸ ಹೋದವರೇ, ಆದರೂ ಹೋದರು. ಆಫೀಸು ಖಾಲಿಯಾಯಿತು, ಗ್ರಾಫಿನ ಗೆರೆ ಮಾತ್ರ ಒಂದಿಷ್ಟೂ ಇಳಿಯಲಿಲ್ಲ. ಹಾಗಾದರೆ ಯಾರೋ ಒಬ್ಬರು ಕುಳಿತೇ ಇದ್ದಾರೆ. ನಾನೂ ಮೌನೇಶನೂ ಸುತ್ತ ನೋಡಿದೆವು. ಮುಚ್ಚಿದ ಬಾಗಿಲು ಒಂದೇ, ಅದು ಶೇಖಪ್ಪನವರ ಕ್ಯಾಬಿನ್ನಿನದು.

ಮೌನೇಶ ಮೆಲ್ಲಗೆ ಜಾಗ ಖಾಲಿ ಮಾಡಿದ. ನಾನು ಬಾಗಿಲು ತಳ್ಳಿ ಒಳಗೆ ಹೋದೆ. ಅವರ ಕಂಪ್ಯೂಟರ್ ಪರದೆಯ ತುಂಬ ಒಂದು ಕಿವಿ, ಒಂದು ಜುಮಕಿ ಕಾಣುತ್ತಿದ್ದವು.

"ಇದೇನ್ರಿ ಸಾಹೇಬ್ರ?"

"ನನ್ನ ಮಗಳ ಫೋಟೋ," ಎಂದರು, ಸಿಕ್ಕಿಬಿದ್ದ ಮುಖ ಮಾಡಿ. "ಡಿಪೋದ ಯಲ್ಲಪ್ಪನ ತಮ್ಮನ ಮಗಗ ಮದುವಿಗಂತ ತೋರಸಾಕ. ದಿನಾ ಕಳಸ್ತೇನಿ, ಹೋಗಂಗಿಲ್ಲ. ಮತ್ತ ಮತ್ತ ಒತ್ತತೇನಿ."

ದಿನವೂ ಲೈನು ಕಟ್ಟಿಹಾಕಿ ನನ್ನನ್ನು ಗೋದಾಮಿಗೆ ಕಳಿಸುತ್ತೇನೆ ಎಂದವರು ಇವರೇ. ಸಿಟ್ಟು ನೆತ್ತಿಗೇರಿತು. "ಇಷ್ಟ ದೊಡ್ಡದ ಯಾಕ ಮಾಡೀರಿ? ಇದೊಂದ ಫೋಟೋಕ್ಕ ಇಡೀ ಲೈನ್ ತುಂಬತೈತಿ."

ಅವರು ತಲೆ ಎತ್ತಲಿಲ್ಲ. "ಇದಕ್ಕ ಮೊದಲ ಬಂದಾವರು ಫೋಟೋ ನೋಡೇ ಬ್ಯಾಡ ಅಂದ್ರು. ದೊಡ್ಡದಾಗಿ ಕಂಡ್ರ ಚಂದ ಕಾಣ್ತಾಳೇನೋ ಅಂತ ಮಾಡಿದ್ದೆ."

ಬೈಯುವುದು ಬಿಟ್ಟೆ. ಅವರನ್ನು ಎಬ್ಬಿಸಿ ಕುರ್ಚಿಯಲ್ಲಿ ನಾನು ಕುಳಿತು, ಇಡೀ ಮುಖ ಪರದೆಯೊಳಗೆ ಬರುವವರೆಗೂ ಫೋಟೋ ಸಣ್ಣದು ಮಾಡಿದೆ. ನಗು ತಡೆದುಕೊಂಡು ನಿಂತ ಹುಡುಗಿ. ಬರೀ ಕಿವಿ ನೋಡಿದರೆ ಅದು ಹೇಗೆ ಗೊತ್ತಾಗಬೇಕು?

"ಚಂದ ಅದಾಳ್ರಿ," ಎಂದೆ. ಮುಖಸ್ತುತಿಗೆ ಹೇಳಿದ ಮಾತಲ್ಲ ಅದು. ಫೋಟೋ ಈ ಸಲ ಸಲೀಸಾಗಿ ರಾಮನಗರಕ್ಕೆ ಹೋಯಿತು.

"ಇನ್ನ ಲೈನ್ ಸಾಯಂಗಿಲ್ಲ ಸಾಹೇಬ್ರ. ನಾ ಗೋದಾಮಿಗೆ ಹೋಗ್ಲೇನ್ರಿ?"

ಶೇಖಪ್ಪನವರು ಇನ್ನೊಂದು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕುಳಿತರು.

"ಎಲ್ಲಿಗೂ ಹೋಗಬ್ಯಾಡ್ರಿ. ಅವರ ಉತ್ತರ ಬರೂದು ಇದೇ ಲೈನಿನ್ಯಾಗ. ಅದನ್ನ ಒಬ್ಬನ ಕೂತ ಓದಾಕ ನನಗ ಧೈರ್ಯ ಇಲ್ಲ."