ಪರದೇಶಿಯೂ ಬಡಿದ ದಿನ

ಚೀನಾದ ಈ ಬೆನ್‌ಶಿ ಊರಿನಲ್ಲಿ ಮನೆ ತಣ್ಣಗಿದ್ದರೆ ಯಾರೂ ಅರ್ಜಿ ಬರೆಯುವುದಿಲ್ಲ, ಪೈಪು ಬಡಿಯುತ್ತಾರೆ. ಕಾಲೊನಿಯ ಮೂಲೆಯಲ್ಲಿರುವ ಬಾಯ್ಲರ್ ಮನೆಯಿಂದ ಹೊರಟ ಬಿಸಿನೀರಿನ ಪೈಪು ನೆಲಮಾಳಿಗೆಯಿಂದ ಮೇಲ್ಮನೆಯವರೆಗೆ ಎಲ್ಲರ ಗೋಡೆಯನ್ನೂ ಹಾದು ಹೋಗುತ್ತದೆ. ಒಬ್ಬರು ಸೌಟಿನಿಂದ ಬಡಿದರೆ ಇನ್ನೊಬ್ಬರು ಸುತ್ತಿಗೆ ಹಿಡಿಯುತ್ತಾರೆ. ಬಾಯ್ಲರ್ ಮನೆಯವನ ಕಿವಿ ತೂತು ಬೀಳುವ ತನಕ ಯಾರೂ ಬಿಡುವುದಿಲ್ಲ. ಕೊನೆಗೆ ಅವನು ಬೈದುಕೊಂಡೇ ಬಿಸಿ ಬಿಡುತ್ತಾನೆ.

ನಾನು ಮಾತ್ರ ಬಡಿಯುತ್ತಿರಲಿಲ್ಲ. ಕೋಟು ಹಾಕಿಕೊಂಡು ಸುಮ್ಮನೆ ಕೂರುತ್ತಿದ್ದೆ. ನಮ್ಮ ಸ್ಕಾಟ್ಲೆಂಡಿನವರ ಬುದ್ಧಿಯೇ ಅಷ್ಟು, ಮರಗಟ್ಟಿ ಸತ್ತರೂ ಪಕ್ಕದ ಮನೆಯವರಿಗೆ ತೊಂದರೆ ಕೊಡಬಾರದು. ನಮ್ಮೂರಿನ ಉಕ್ಕಿನ ಕಾರ್ಖಾನೆ ಮುಚ್ಚಿ, ಹೆಂಡತಿಯೂ ಬಿಟ್ಟುಹೋದ ಮೇಲೆ, ಅಗ್ಗಕ್ಕೆ ಎಲ್ಲಿ ಬದುಕಬಹುದೆಂದು ಹುಡುಕುತ್ತ ಇಲ್ಲಿಗೆ ಬಂದವನು ನಾನು. ಇಲ್ಲಿಯೂ ಉಕ್ಕಿನ ಕಾರ್ಖಾನೆಯೇ. ಅದೇ ಮಸಿ, ಅದೇ ಕೆಮ್ಮು, ಬಾಡಿಗೆ ಮಾತ್ರ ಕಡಿಮೆ. ಬೆಳಗ್ಗೆ ಹಬೆಯಲ್ಲಿ ಬೆಂದ ಬನ್ನು ತರುವುದು, ಸಂಜೆ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವುದು, ಹೀಗೇ ವರ್ಷಗಳು ಉರುಳಿದವು. ಫರ್ಗಸ್ ಎಂಬ ಹೆಸರು ಯಾರ ನಾಲಿಗೆಯ ಮೇಲೂ ಹೊರಳದೆ ‘ಲಾವ್ ಫೇ’ ಆಯಿತು, ಮುದುಕ ಫೇ ಎಂದು.

ಕೆಳಮನೆಯ ಗುವಾನ್ ಅಕ್ಕನಿಗೆ ನನ್ನ ಈ ಸಭ್ಯತೆ ಕಂಡರೆ ಮೈಯೆಲ್ಲ ಉರಿ. ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಚುಚ್ಚುತ್ತಿದ್ದಳು.

“ಏನಪ್ಪಾ ಪರದೇಶಿ, ನಾವು ಕೈ ನೋಯಿಸ್ಕೊಂಡು ಬಡೀಬೇಕು, ನೀನು ಹಾಯಾಗಿ ಕಾಲು ಕಾಯಿಸ್ಕೋಬೇಕು. ಚೆನ್ನಾಗಿದೆ ನಿನ್ನ ವರಸೆ.”

“ನಾನು ಹೊರಗಿನವನಲ್ವಾ ಅಕ್ಕ.”

“ಪೈಪಿಗೆ ಗೊತ್ತೇನೋ ನೀನು ಹೊರಗಿನವನು ಅಂತ? ನಿನ್ನ ಗೋಡೆ ಬಿಟ್ಟು ಸುತ್ತು ಹಾಕ್ಕೊಂಡು ಹೋಗತ್ತಾ ಅದು?”

ಬೈದ ಮರುದಿನವೇ ಹುಳಿ ಬರಿಸಿದ ಎಲೆಕೋಸಿನ ಬಟ್ಟಲು ನನ್ನ ಬಾಗಿಲಿಗೆ ಬರುತ್ತಿತ್ತು. ಆದರೂ ಆ ‘ಪರದೇಶಿ’ ಹೋಗಿ ‘ನಮ್ಮವನು’ ಎನ್ನಿಸಿಕೊಳ್ಳುವ ಆಸೆ ನನಗೆ ಎಷ್ಟಿತ್ತೆಂದು ಅವಳಿಗೆ ಗೊತ್ತಿರಲಿಲ್ಲ.

ಆ ಭಾನುವಾರ ಬೆಳಗ್ಗೆ ಕಿಟಕಿಯ ಒಳಮೈಗೇ ಮಂಜುಗಡ್ಡೆ ಕಟ್ಟಿತ್ತು. ಪೈಪಿನೊಳಗೆ ಗಾಳಿ ಸೇರಿ ಬಿಸಿನೀರು ತಡೆದಿರಬೇಕೆಂದು ಸ್ಪ್ಯಾನರ್ ತಂದು, ಪೈಪಿಗೆ ಸೇರಿದ, ಕಿಟಕಿಯ ಕೆಳಗಿನ ಕಬ್ಬಿಣದ ಹೀಟರಿನ ತಿರುಪು ಸಡಿಲಿಸಿದೆ. ಬುಸ್ ಎಂದು ಗಾಳಿ ಬಂತು, ನೀರು ಬರಲಿಲ್ಲ. ಮತ್ತೆ ಬಿಗಿ ಮಾಡಬೇಕೆನ್ನುವಷ್ಟರಲ್ಲಿ ಬಲಗೈ ನನ್ನ ಮಾತು ಕೇಳಲಿಲ್ಲ. ಬಲಗಾಲೂ ಕೇಳಲಿಲ್ಲ. ಹೀಟರಿಗೆ ಒತ್ತಿಕೊಂಡೇ ಮೂಟೆ ಬಿದ್ದ ಹಾಗೆ ಬಿದ್ದೆ.

ಕೂಗಿದೆ. ಬಾಯಿಂದ ಬಂದದ್ದು ಮಾತಲ್ಲ, ಕರು ಒದರಿದಂಥ ಸದ್ದು. ಫೋನು ಅಡುಗೆಮನೆಯಲ್ಲಿತ್ತು. ಲಕ್ವ ಹೊಡೆದಿದೆಯೆಂದು ನನಗೇ ತಿಳಿಯಿತು, ಅಪ್ಪನೂ ಹೀಗೇ ಹೋದದ್ದು. ಬೇಗ ಯಾರಾದರೂ ಬಂದರೆ ಉಳಿಯುತ್ತೇನೆ, ಇಲ್ಲದಿದ್ದರೆ ಇಲ್ಲ. ಸಾವಿಗಿಂತ, ವಾಸನೆ ಬರುವ ತನಕ ಯಾರಿಗೂ ತಿಳಿಯುವುದಿಲ್ಲವಲ್ಲ ಎಂದು ಹೆದರಿದೆ.

ಎಡಗೈಗೆ ಸ್ಪ್ಯಾನರ್ ಸಿಕ್ಕಿತು. ಪೈಪಿಗೆ ಬಡಿದೆ. ಟಣ್, ಟಣ್, ಟಣ್.

ಆಮೇಲೆ ಕೆಳಗಿನಿಂದ ಉತ್ತರ ಬಂತು. ಗುವಾನ್ ಅಕ್ಕನ ಸೌಟು! ಕೇಳಿಸಿತು ಅವಳಿಗೆ, ಬರುತ್ತಾಳೆ ಎಂದು ಕಣ್ಣಲ್ಲಿ ನೀರು ತುಂಬಿತು. ಮತ್ತೆ ಬಡಿದೆ. ಮೇಲ್ಮನೆಯ ಲುವಾನನ ಸುತ್ತಿಗೆಯೂ ಸೇರಿಕೊಂಡಿತು. ಯಾರದೋ ಬಾಣಲೆ, ಯಾರದೋ ಚಿಮಟ. ಇಡೀ ಕಟ್ಟಡ ಗಣಗಣ ಎಂದಿತು. ಗುವಾನ್ ಅಕ್ಕ ಮೆಟ್ಟಿಲಿಗೆ ಬಂದು ಮೇಲಕ್ಕೆ ಕೂಗಿದಳು.

“ಕೇಳಿಸ್ತಾ ಲುವಾನ್? ಪರದೇಶೀನೂ ಬಡೀತಿದ್ದಾನೆ ಕಣಯ್ಯ!”

“ಕೇಳಿಸ್ತು, ಕೇಳಿಸ್ತು! ಅಂತೂ ನಮ್ಮೋನಾದ ಬಿಡು!”

“ಹಾಕು ಲಾವ್ ಫೇ! ಇನ್ನೂ ಜೋರಾಗಿ ಹಾಕು! ಆ ಬಾಯ್ಲರ್‌ನೋನ ನಿದ್ದೆ ಕೆಡ್ಸು!”

ನಾನು ಬಡಿದಷ್ಟೂ ಅವರಿಗೆ ಹುಮ್ಮಸ್ಸು. ಬಡಿತ ಬದಲಿಸಿ ನೋಡಿದೆ, ಅವರೂ ಬದಲಿಸಿದರು. ನಿಲ್ಲಿಸಿದೆ, ಅವರೇ ಬಡಿದು ನನ್ನನ್ನು ಹುರಿದುಂಬಿಸಿದರು. ಇಷ್ಟು ವರ್ಷ ಯಾವ ಮಾತಿಗೆ ಹಂಬಲಿಸಿದ್ದೆನೋ ಅದು ಅಂದು ನನಗೆ ಸಿಕ್ಕಿತು. ನೆಲದ ಮೇಲೆ ಬಿದ್ದುಕೊಂಡು ನಾನು ಅವರೆಲ್ಲರಿಗೂ ಶಾಪ ಹಾಕಿದೆ.

ಬಾಯ್ಲರ್ ಮನೆಗೆ ಕೇಳಿಸಿತು. ಪೈಪು ಗುಟುರು ಹಾಕಿತು, ಉಗುರುಬೆಚ್ಚಗಾಯಿತು, ಬಿಸಿಯಾಯಿತು. ಕಟ್ಟಡದಲ್ಲಿ ಕೇಕೆ ಎದ್ದು, ಸೌಟುಗಳು ಒಲೆಗೆ ಮರಳಿದವು. ನಾನೊಬ್ಬನೇ ಬಡಿಯುತ್ತಿದ್ದೆ.

“ಸಾಕು ಬಿಡೋ ಮಾರಾಯ, ಬಿಸಿ ಬಂತು! ಕಲಿಯೋದೂ ತಡ, ಬಿಡೋದೂ ತಡ ನಿಂದು!” ಗುವಾನ್ ಅಕ್ಕ ನಗುತ್ತ ಬಾಗಿಲು ಹಾಕಿಕೊಂಡಳು.

ತಿರುಪು ಬಿಗಿ ಮಾಡಿಲ್ಲವೆಂದು ಆಗ ನೆನಪಾಯಿತು. ಸುಡುವ ಕರಿನೀರು ನನ್ನ ಬಲಗಾಲಿನ ಮೇಲೆ ಚಿಮ್ಮಿತು. ಆ ಕಾಲಿಗೆ ನೋವೇ ಗೊತ್ತಾಗಲಿಲ್ಲ. ಚರ್ಮ ಬೊಬ್ಬೆಯೇಳುವುದನ್ನು, ಬೇರೆ ಯಾರದೋ ಕಾಲೆಂಬಂತೆ ನೋಡುತ್ತ ಬಿದ್ದಿದ್ದೆ. ಸ್ಪ್ಯಾನರ್ ಕೈಜಾರಿ ನೀರಿನಲ್ಲಿ ಮುಳುಗಿತು. ನೀರು ಕೋಣೆ ತುಂಬಿ, ನೆಲದ ಬಿರುಕಿಗಿಳಿದು, ಗುವಾನ್ ಅಕ್ಕ ಕಲಸಿಟ್ಟ ಹಿಟ್ಟಿನ ಮೇಲೆ ತೊಟ್ಟಿಕ್ಕಿತು. ಆಗ ಅವಳು ಮೇಲೆ ಬಂದಳು, ಬೈಯುತ್ತಲೇ ಬಂದಳು. ಲುವಾನ್ ಸುತ್ತಿಗೆಯಿಂದ ಬೀಗ ಒಡೆದ. ಒಳಗೆ ನೋಡಿದ ಮೇಲೆ ಅವಳ ಬೈಗುಳ ನಿಂತಿತು.

ಮಂಡಿಯ ಕೆಳಗಿನ ಕಾಲನ್ನು ಆಸ್ಪತ್ರೆಯಲ್ಲಿ ತೆಗೆದರು. ಇನ್ನೂ ಬೇಗ ತಂದಿದ್ದರೆ ಮಾತು ಉಳಿಯುತ್ತಿತ್ತೆಂದು ವೈದ್ಯರು ಹೇಳಿದ್ದು ನನಗೂ ಕೇಳಿಸಿತು. ಮಾತೆಲ್ಲ ಒಳಗೇ ಇದೆ, ಹೊರಗೆ ಬರುವುದಿಲ್ಲ. ಗುವಾನ್ ಅಕ್ಕ ದಿನವೂ ಗಂಜಿ ತಂದು ಕುಡಿಸುತ್ತಾಳೆ, ನನ್ನ ಗದ್ದ ಒರೆಸುತ್ತಾಳೆ. ನಿನ್ನೆ ಚಮಚವನ್ನು ಬಟ್ಟಲಲ್ಲೇ ಬಿಟ್ಟು ಅತ್ತುಬಿಟ್ಟಳು.

“ಕೆಳಗಡೇನೇ ಇದ್ನಲ್ಲೋ ನಾನು. ಬಿಸಿ ಬೇಕು ಅಂತ ಅಷ್ಟು ಬಡಿದೋನು, ಬಿದ್ದಾಗ ಒಂದ್ಸಲ ಬಡೀಬಾರದಿತ್ತೇನೋ? ಓಡಿ ಬರ್ತಿರಲಿಲ್ವಾ ನಾನು?”

ನಾನು ಎಡಗೈ ಚಾಚಿ ಚಮಚ ತೆಗೆದುಕೊಂಡೆ. ಮಂಚದ ಕಬ್ಬಿಣಕ್ಕೆ ಬಡಿದೆ. ಟಣ್, ಟಣ್, ಟಣ್. ಈಗಲಾದರೂ ತಿಳಿಯುತ್ತದೆಂದು ಅವಳ ಮುಖವನ್ನೇ ನೋಡಿದೆ.

ಅವಳು ಕಣ್ಣೊರೆಸಿಕೊಂಡು ಎದ್ದಳು.

“ಚಳಿನಾ ಲಾವ್ ಫೇ? ಇರು, ಇರು,” ಎಂದು ಹೊದಿಕೆಯನ್ನು ನನ್ನ ಕತ್ತಿನ ತನಕ ಎಳೆದು, ಸುತ್ತಲೂ ಒತ್ತಿ ಸಿಕ್ಕಿಸಿದಳು.