ಇನ್ನೂ ಗೇಟು ದಾಟದ ಸಮುದ್ರದ ಔಷಧ

ಗೂಳಪ್ಪನದು ಬಿಗಿ ಕೈ. ಅವನು ಪೇಢೆ ಹಂಚುತ್ತಾನೆಂದರೆ ದಾಂಡೇಲಿಯ ಕಾಗದದ ಕಾರ್ಖಾನೆಯ ಕ್ವಾರ್ಟರ್ಸಿಗೆಲ್ಲ ಸೋಜಿಗ. ಆದರೆ ಅಂದು ಮನೆ ಮನೆಗೂ ಹಂಚಿದ. ಕರಾವಳಿಯ ಪ್ರಯೋಗಶಾಲೆಯಲ್ಲಿ ಸಂಶೋಧನೆ ಮಾಡುತ್ತಿದ್ದ ಮಗಳು ಸಹನಾ ಫೋನಿನಲ್ಲಿ ಕುಣಿದಾಡುತ್ತ ಹೇಳಿದ್ದಳು:

"ಅಪ್ಪಾ, ಸಮುದ್ರದಾಗ ಸ್ಪಂಜು ಅಂತ ಒಂದು ಜೀವಿ ಐತಿ. ಅದರ ಸತ್ವ ತಗದು ಲಿವರ್ ಕ್ಯಾನ್ಸರಿನ ಜೀವಕೋಶಕ್ಕ ಹಾಕಿದ್ವಿ. ಜೀವಕೋಶ ಸತ್ತು ಹೋದವು!"

ಗೂಳಪ್ಪ ಬೆಳಗಾವಿ ಕಡೆಯ ಹಳ್ಳಿಯಿಂದ ಬಂದು ಕಾರ್ಖಾನೆ ಸೇರಿದವನು. ಸಮುದ್ರವನ್ನು ಕಣ್ಣಿಂದ ಕಂಡವನೂ ಅಲ್ಲ. ಅಂಥವನ ಮಗಳು ಸಮುದ್ರದ ತಳದಲ್ಲಿ ಔಷಧ ಹುಡುಕುತ್ತಾಳೆ! ಎದೆ ಉಬ್ಬದೆ ಇರುತ್ತದೆಯೇ? ಓಣಿಯವರಾದ ನಮಗೇ ಉಬ್ಬಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಗೂಳಪ್ಪನಿಗೆ ಊಟ ಸೇರದಾಯಿತು. ಬಲ ಪಕ್ಕೆಯ ಕೆಳಗೆ ನೋವು, ಮೈ ಸೊರಗಿತು. ಹುಬ್ಬಳ್ಳಿಯ ವೈದ್ಯರು ಪರೀಕ್ಷೆ ಮಾಡಿದರು. ಹೆಪಟೈಟಿಸ್ ಬಿ ಸೋಂಕು ಬಹಳ ವರ್ಷಗಳಿಂದ ಒಳಗಿದೆ, ಅದರಿಂದಲೇ ಲಿವರಿನಲ್ಲಿ ಕ್ಯಾನ್ಸರಿನ ಸಣ್ಣ ಗಡ್ಡೆ ಆಗಿದೆ, ಬೇಗ ತೆಗೆದರೆ ಬದುಕುವ ಆಸೆ ಇದೆ ಎಂದರು. ಆಪರೇಷನ್ನಿಗೆ ದಿನವನ್ನೂ ಕೊಟ್ಟರು.

ಗೂಳಪ್ಪ ಮನೆಗೆ ಬಂದವನೇ ಪಟ್ಟು ಹಿಡಿದ.

"ನಾ ಒಲ್ಲೆ. ಮಗಳ ಔಷಧ ಇರೂವಾಗ ಬ್ಯಾರೆಯವರ ಕೈಲೆ ಹೊಟ್ಟಿ ಕೊಯ್ಸಿಕೊಂಡ್ರ ಆಕಿಗೆ ಅವಮಾನ ಅಲ್ಲೇನು?"

ಹೆಂಡತಿ ಮಾಲವ್ವ ಅತ್ತಳು. ಪಕ್ಕದ ಮನೆಯ ಗುರುಬಸವ್ವ ಮಾತ್ರ ಗೂಳಪ್ಪನ ಕಡೆ. "ಖರೇ ಐತಿ ಬಿಡವಾ. ಅಂಗೈಯಾಗ ಬೆಣ್ಣಿ ಇಟ್ಕೊಂಡು ಊರೆಲ್ಲ ತುಪ್ಪಕ್ಕ ಯಾಕ ಅಡ್ಡಾಡಬೇಕು?"

ಮಾಲವ್ವ ಮಗಳನ್ನು ಕರೆಸಿದಳು. ಸಹನಾ ಬಸ್ಸಿಳಿದು ಬಂದಾಗ ಓಣಿಯೇ ಬಾಗಿಲಲ್ಲಿ ನಿಂತಿತ್ತು. ಗೂಳಪ್ಪ ಅವಳ ಚೀಲವನ್ನೇ ನೋಡಿದ.

"ಬಾಟ್ಲಿ ತಂದೀ ಏನವಾ?"

"ಇಲ್ಲಪ್ಪಾ. ಅದು ಇನ್ನೂ ಔಷಧ ಆಗಿಲ್ಲ."

ಗೂಳಪ್ಪನ ಮುಖ ಸಪ್ಪಗಾಯಿತು. "ಜೀವಕೋಶ ಸತ್ತವು ಅಂದಿದ್ದಿ ಅಲ್ಲ?"

"ಗಾಜಿನ ತಟ್ಟಿಯಾಗ ಸತ್ತಾವು, ಮನಷ್ಯಾರ ಹೊಟ್ಟ್ಯಾಗಲ್ಲ. ಅದು ಚಲೋ ಜೀವಕೋಶಾನೂ ಕೊಲ್ಲತೈತೋ ಏನೋ ಗೊತ್ತಿಲ್ಲ. ಪ್ರಾಣಿಗಳ ಮ್ಯಾಲೆ ಪರೀಕ್ಷೆ ಆಗಬೇಕು, ಆಮ್ಯಾಲೆ ಒಪ್ಪಿದ ರೋಗಿಗಳ ಮ್ಯಾಲೆ. ವರ್ಷಗಟ್ಟಲೆ ಹಿಡೀತೈತಿ. ಎಷ್ಟೋ ಸತ್ವ ನಡುವ ಸೋತು ಹೋಗ್ತಾವು." ಸಹನಾ ಅಪ್ಪನ ಪಕ್ಕ ಕೂತಳು. "ಅಪ್ಪಾ, ಲಾರಿಯಿಂದ ಇಳಿಸಿದ ಬಿದಿರಿನ ಮ್ಯಾಲೆ ಯಾರರ ಅಕ್ಷರ ಬರೀತಾರೇನು?"

ಕಾರ್ಖಾನೆಯಲ್ಲಿ ತಯಾರಾದ ಕಾಗದ ಪರೀಕ್ಷಿಸುವುದೇ ಗೂಳಪ್ಪನ ಕೆಲಸ. ಹಾಳೆಯನ್ನು ಬೆಳಕಿಗೆ ಹಿಡಿದು, ಒಂದು ಕಲೆ ಕಂಡರೂ ಪಕ್ಕಕ್ಕೆ ಎಸೆಯುವವನು.

"ಬಿದಿರು ಕಡೀಬೇಕು, ಬೇಯಿಸಬೇಕು, ತೊಳೀಬೇಕು, ಆಮ್ಯಾಲೆ ಕಾಗದ," ಎಂದ ಮೆಲ್ಲಗೆ. "ಕಲಿ ಇದ್ದ ಹಾಳಿ ನಾ ಗೇಟ್ ದಾಟಾಕ ಬಿಡಂಗಿಲ್ಲ."

"ನಾನೂ ನಿನ್ನ ಮಗಳಪ್ಪಾ. ಪರೀಕ್ಷೆ ಆಗದ್ದನ್ನ ನಿನ್ನ ಬಾಯಾಗ ಹೆಂಗ ಹಾಕಲಿ?"

ಗೂಳಪ್ಪ ಟವೆಲಿನಿಂದ ಕಣ್ಣು ಒರೆಸಿಕೊಂಡ. ಆಮೇಲೆ ಓಣಿಗೆಲ್ಲ ಕೇಳುವಂತೆ ಗುಡುಗಿದ: "ಕೇಳಿದ್ರೇನು? ನನ್ನ ಮಗಳು ಹಡದಪ್ಪಗ ಸೈತ ಕಚ್ಚಾ ಮಾಲು ಕೊಡಂಗಿಲ್ಲ! ಏ ಮಾಲವ್ವಾ, ಬಟ್ಟಿ-ಅರಿವಿ ಚೀಲಕ್ಕ ಹಾಕು. ಹುಬ್ಬಳ್ಳಿಗೆ ಹೋಗೂಣು. ಈಕಿ ಔಷಧ ಗೇಟ್ ದಾಟೂ ದಿನ ನೋಡಾಕ ನಾ ಇರಬೇಕಲ್ಲ!"

ಆಪರೇಷನ್ ಆಯಿತು. ಮಾಲವ್ವ, ಸಹನಾ ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿದರು. ಸೋಂಕು ಇರಲಿಲ್ಲ, ಲಸಿಕೆ ಹಾಕಿಸಿಕೊಂಡರು. ಚೇತರಿಸಿಕೊಂಡ ಗೂಳಪ್ಪ ಮತ್ತೆ ಪೇಢೆ ತಂದ. ಈ ಸಲ ಒಂದು ಕರಾರು ಬೇರೆ.

"ಗುರುಬಸವ್ವಕ್ಕಾ, ಮೊಮ್ಮಗಗ ಹೆಪಟೈಟಿಸ್ ಬಿ ಲಸಿಕಿ ಹಾಕ್ಸೀರೇನು? ಇಲ್ಲಾ? ಹಾಕಿಸಿ ಬರ್ರಿ, ಆಮ್ಯಾಲೆ ಪೇಢೆ."

ಗುರುಬಸವ್ವ ಬೈಯುತ್ತಲೇ ಕೂಸನ್ನು ಎತ್ತಿಕೊಂಡು ಆಸ್ಪತ್ರೆಗೆ ಹೋದಳು. ಬಂದು ಎರಡು ಪೇಢೆ ತಿಂದಳು.

ಅಕ್ಕಂದಿರೇ, ಅಣ್ಣಂದಿರೇ, ಸಮುದ್ರದ ಜೀವಿಗಳಲ್ಲಿ ಔಷಧ ಹುಡುಕುವವರು ನಮ್ಮ ನಿಮ್ಮ ಮನೆಯ ಮಕ್ಕಳೇ. ಹೆಮ್ಮೆಪಡಿ. ಆದರೆ ಸಮುದ್ರದ ಪುಡಿ, ಎಣ್ಣೆ ಎಂದು ಸಂತೆಯಲ್ಲಿ ಮಾರುವವರ ಮಾತು ಕೇಳಿ ಚಿಕಿತ್ಸೆ ಬಿಡಬೇಡಿ. ಹುಟ್ಟಿದ ಕೂಸಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ. ಈ ಸೋಂಕು ರಕ್ತದಿಂದ ಹರಡುತ್ತದೆ, ಒಬ್ಬರಿಗೆ ಬಳಸಿದ ಬ್ಲೇಡು, ಸೂಜಿ ಇನ್ನೊಬ್ಬರಿಗೆ ಬೇಡ. ಮನೆಯಲ್ಲಿ ಒಬ್ಬರಿಗೆ ಸೋಂಕಿದ್ದರೆ ಎಲ್ಲರೂ ರಕ್ತ ಪರೀಕ್ಷೆ ಮಾಡಿಸಿ. ಮಗಳ ಔಷಧ ಗೇಟು ದಾಟಲೆಂದು ಗೂಳಪ್ಪ ಕಾಯುತ್ತಿದ್ದಾನೆ. ನೀವೂ ಗಟ್ಟಿಯಾಗಿದ್ದು ಕಾಯಿರಿ.